ಕಾಳಿಯ ಪಾಠ

ಬೇಟೆಯಿಲ್ಲದ ಊರಿನಲ್ಲಿ ಬೇಟೆನಾಯಿಯನ್ನು ಸಾಕುವುದು ಕೆರೆಯಿಲ್ಲದ ಊರಿನಲ್ಲಿ ದೋಣಿ ಕಟ್ಟಿದಂತೆ ಎಂದು ನಮ್ಮ ನೆರೆಯವರೊಬ್ಬರು ಹಾಸ್ಯ ಮಾಡಿದ್ದುಂಟು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ನಾವು ವಾಸಿಸುವ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬಾಳಲೆಂದು ಸ್ಥಾಪಿತವಾದ ಗ್ರಾಮವು. ಈಗಲಾದರೋ ಗಾಜಿನ ಗೋಡೆಗಳ ಕಚೇರಿಗಳೂ, ನೀರಿನ ಟ್ಯಾಂಕರುಗಳೂ, 2023ರಿಂದ ಮೆಟ್ರೊ ರೈಲೂ ತುಂಬಿರುವ ಸ್ಥಳವಾಗಿದೆ. ಇಂತಹ ಸ್ಥಳಕ್ಕೆ ನಾವು ಮುಧೋಳದ ನಾಯಿಮರಿಯೊಂದನ್ನು ತಂದೆವು. ಅದಕ್ಕೆ ನಾವು ಕಲಿಸಿದುದಕ್ಕಿಂತ ಅದು ನಮಗೆ ಕಲಿಸಿದುದೇ ಹೆಚ್ಚಾದುದರಿಂದ, ಆ ಸಂಗತಿಯನ್ನು ನಮ್ಮ ಶಾಲೆಯ ಸಂಚಿಕೆಯ ಪ್ರಿಯ ವಾಚಕಿಯರ ಮುಂದಿಡಲು ಧೈರ್ಯಗೊಂಡಿದ್ದೇವೆ.

ಈ ಆಸೆಯ ಬೀಜವು ನಮ್ಮ ಮನಸ್ಸಿನಲ್ಲಿ ಬಿದ್ದುದು ವಿದ್ಯಾರ್ಥಿನಿಯರಾಗಿದ್ದ ಕಾಲದಲ್ಲಿಯೇ. ಒಮ್ಮೆ ನಮ್ಮ ಉಪಾಧ್ಯಾಯಿನಿಯವರು ನಮ್ಮನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಮಂಡ್ಯ ಸೀಮೆಯ ಆತಕೂರಿನಿಂದ ತಂದ ಶಿಲಾಶಾಸನವನ್ನು ತೋರಿಸಿದರು. ಹಂದಿಯೊಂದರ ಮೇಲೆ ಎರಗುತ್ತಿರುವ ನಾಯಿಯ ಚಿತ್ರವು ಅದರಲ್ಲಿ ಕೆತ್ತಲ್ಪಟ್ಟಿದೆ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ಬಹುಮಾನವಾಗಿ ಹೊನ್ನನ್ನು ಬೇಡದೆ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಲು, ಎರಡೂ ಒಟ್ಟಿಗೆ ಸತ್ತವು. ಮಣಲೆರನು ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಸಾವಿರ ವರ್ಷಗಳ ಹಿಂದೆ ನಾಯಿಯೊಂದಕ್ಕೆ ಇಂತಹ ಗೌರವವೇ ಎಂದು ನಾವು ಅಂದು ಬೆರಗಾದೆವು.

ಹೀಗಿರಲು ನಮ್ಮ ತಂದೆಯವರು ವೃದ್ಧಾಪ್ಯದಲ್ಲಿ ಮುಧೋಳದ ಕಡೆಯ ತಮ್ಮ ಹಳ್ಳಿಯನ್ನು ಬಿಟ್ಟು ನಮ್ಮ ಮನೆಗೆ ಬಂದರು. ಅವರ ಬೇಸರವನ್ನು ಕಳೆಯಲೆಂದು ಆ ಸೀಮೆಯಿಂದಲೇ ಎರಡು ತಿಂಗಳ ಹೆಣ್ಣುಮರಿಯನ್ನು ತರಿಸಿದೆವು. ಬೂದುಬಣ್ಣದ್ದಾದರೂ ಶಾಸನದ ನೆನಪಿನಿಂದ ಅದಕ್ಕೆ ಕಾಳಿಯೆಂದೇ ಹೆಸರಿಟ್ಟೆವು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಿಂದ ಹೆಸರಾದ ಈ ತಳಿಯ ಚಿತ್ರವು 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. 2016ರಲ್ಲಿ ಕೆಲವು ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲುಗಳು—ಇವೇ ಅದರ ಲಕ್ಷಣಗಳು. ಇದು ಮೂಗನ್ನು ನೆಲಕ್ಕಿಟ್ಟು ಹುಡುಕುವ ಜಾತಿಯಲ್ಲ. ದೂರದಲ್ಲಿ ಚಲಿಸುವುದನ್ನು ಕಣ್ಣಿನಿಂದ ಕಂಡು ಓಡಿ ಹಿಡಿಯುವ ಜಾತಿ.

ಪೋಷಣೆಯ ಭಾಗವು ಕಷ್ಟವಾಗಲಿಲ್ಲ. ಜೋಳದ ನುಚ್ಚು, ಹಾಲು, ಮೊಟ್ಟೆ, ಸ್ವಲ್ಪ ಮಾಂಸ ಇವುಗಳಿಂದ ಕಾಳಿಯು ಚೆನ್ನಾಗಿ ಬೆಳೆಯಿತು. ಪಶುವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆಗಳನ್ನೂ, ಮೂರು ತಿಂಗಳು ತುಂಬಿದ ಮೇಲೆ ರೇಬೀಸಿನ ಲಸಿಕೆಯನ್ನೂ ಹಾಕಿಸಿದೆವು. ಪಕ್ಕೆಲುಬುಗಳು ತುಸು ಕಾಣುವುದು ಈ ತಳಿಗೆ ಸಹಜವಾದರೂ, ದಾರಿಹೋಕರು ಅನೇಕರು ನಾವು ಅದನ್ನು ಹಸಿವಿನಲ್ಲಿ ಕೆಡಹಿದ್ದೇವೆಂದು ತಿಳಿದು ಬಿಸ್ಕತ್ತುಗಳನ್ನು ಎಸೆದು ಹೋದರು.

ಶಿಕ್ಷಣದ ಭಾಗವೇ ಕಷ್ಟವಾದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲವನ್ನಾಗಲಿ ಜಿಂಕೆಯನ್ನಾಗಲಿ ಬೇಟೆಯಾಡುವುದು ಅಪರಾಧ. ಅದು ಸರಿಯಾದ ಕಾಯಿದೆಯೂ ಹೌದು. ಹಾಗಾದರೆ ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಗೆ ಕಲಿಸತಕ್ಕದ್ದೇನು? ಕರೆದಾಗ ಹಿಂದಿರುಗುವುದನ್ನು ಕಲಿಸಿದರೆ ಸಾಕೆಂದು ನಾವು ನಿಶ್ಚಯಿಸಿದೆವು. ಹೆಸರು ಹಿಡಿದು ಕರೆಯುವುದು, ಬಂದೊಡನೆ ಬೇಯಿಸಿದ ಕೋಳಿಯ ಈಲಿಯ ಚೂರನ್ನು ಕೊಡುವುದು, ತಲೆ ಸವರುವುದು—ಇಷ್ಟೇ ಪಾಠ. ಆರು ತಿಂಗಳಾಗುವ ವೇಳೆಗೆ ಕಾಳಿಯು ಅಂಗಳದ ಆ ತುದಿಯಿಂದ ಬಾಣದಂತೆ ಬಂದು ನಮ್ಮ ಕಾಲಬಳಿ ನಿಲ್ಲುತ್ತಿದ್ದಿತು. ನಾವು ಹೆಮ್ಮೆಪಟ್ಟೆವು, ಆ ಹೆಮ್ಮೆಯೇ ನಮ್ಮನ್ನು ಕೆಡಿಸಿತು.

ಎಂಟನೆಯ ತಿಂಗಳಿನಲ್ಲಿ ಕಾಳಿಯು ಹಿಂದಿನ ಮನೆಯವರ ಕೋಳಿಯೊಂದನ್ನು ಹಿಡಿದು ಕೊಂದಿತು. ನಾವು ಗಟ್ಟಿಯಾಗಿ ಕರೆದೆವು. ಅದು ಕೋಳಿಯನ್ನು ಬಿಟ್ಟು, ಬಾಲವನ್ನಲ್ಲಾಡಿಸುತ್ತ ಓಡಿ ಬಂದಿತು. ಬಂದುದನ್ನು ಕೊರಳಪಟ್ಟಿ ಹಿಡಿದು, ಹಗ್ಗದ ತುದಿಯಿಂದ ನಾಲ್ಕೇಟು ಹೊಡೆದೆವು. ಜಗುಲಿಯ ಮೇಲೆ ಕುಳಿತಿದ್ದ ತಂದೆಯವರು, “ಯವ್ವಾ, ಕರದಾಗ ಬಂದ ನಾಯಿಗೆ ಹೊಡೀಬಾರದು. ಕೋಳಿ ಹಿಡದದ್ದಕ್ಕ ಹೊಡದ್ರು ಅಂತ ಅದಕ್ಕ ತಿಳಿಯೂದಿಲ್ಲ, ಬಂದದ್ದಕ್ಕ ಹೊಡದ್ರು ಅಂತ ತಿಳೀತೈತಿ” ಎಂದರು. ಕೋಪದಲ್ಲಿದ್ದ ನಮಗೆ ಆ ಮಾತು ಕಿವಿಗೆ ಹೋಗಲಿಲ್ಲ. ನೆರೆಯವರಿಗೆ ಕೋಳಿಯ ಬೆಲೆಯನ್ನು ತೆತ್ತು, ವಿಷಯವು ಮುಗಿಯಿತೆಂದುಕೊಂಡೆವು.

ಅದು ಮುಗಿದಿರಲಿಲ್ಲ. ಹದಿನೈದು ದಿನಗಳ ತರುವಾಯ ಸಾಮಾನು ತಂದವರು ಗೇಟನ್ನು ತೆರೆದಿಟ್ಟು ಹೋಗಲು, ಕಾಳಿಯು ಬೆಕ್ಕೊಂದನ್ನು ಕಂಡು ಹಾರಿ ಹೊರಟಿತು. ನಾವು ಬರಿಗಾಲಿನಲ್ಲಿ ಬೆನ್ನಟ್ಟಿದೆವು. ಬೆಕ್ಕು ಕಾಂಪೌಂಡನ್ನು ಏರಿ ಮರೆಯಾಯಿತು. ಕಾಳಿಯು ಹೆದ್ದಾರಿಗೆ ಸೇರುವ ತಿರುವಿನಲ್ಲಿ ನಿಂತು ನಮ್ಮತ್ತ ನೋಡಿತು. ಕರೆದೆವು. ಎರಡು ಹೆಜ್ಜೆ ಬಂದಿತು. ನಮ್ಮ ಕೈಯಲ್ಲಿದ್ದ ಹಗ್ಗವನ್ನು ಕಂಡು ಬಾಲವನ್ನು ಕಾಲುಗಳ ನಡುವೆ ಸೇರಿಸಿ ಹಿಂದೆ ಸರಿಯಿತು. ನಾವು ಹತ್ತು ಹೆಜ್ಜೆ ಮುಂದಿಟ್ಟರೆ ಅದು ಹತ್ತು ಹೆಜ್ಜೆ ಹಿಂದಿಡುವುದು. ಅದರ ಬೆನ್ನ ಹಿಂದೆಯೇ ಲಾರಿಗಳೂ ಟ್ಯಾಂಕರುಗಳೂ ಹಾಯುತ್ತಿದ್ದವು. ನಮ್ಮ ಪ್ರತಿಯೊಂದು ಕರೆಯೂ ಅದನ್ನು ಮರಣದ ಕಡೆಗೆ ನೂಕುತ್ತಿರುವುದೆಂದು ಕಂಡಾಗ ನಮ್ಮ ಧ್ವನಿಯೇ ಅಡಗಿತು.

ಅಷ್ಟರಲ್ಲಿ ತಂದೆಯವರು ಕೋಲೂರಿಕೊಂಡು ಬಂದರು. ಹಗ್ಗವನ್ನು ನಮ್ಮಿಂದ ಕಸಿದುಕೊಂಡು ದೂರ ಎಸೆದರು. ಮೊಣಕಾಲಿನ ನೋವನ್ನು ಲೆಕ್ಕಿಸದೆ ರಸ್ತೆಯ ಬದಿಯ ಮಣ್ಣಿನ ಮೇಲೆ ಕುಳಿತು, ನಾಯಿಗೆ ಬೆನ್ನು ಮಾಡಿ, ತಮ್ಮಷ್ಟಕ್ಕೆ ತಾವೇ ಮೆಲ್ಲಗೆ ಏನನ್ನೋ ಮಾತನಾಡತೊಡಗಿದರು. ಬಹಳ ಹೊತ್ತಾಯಿತೆಂದು ನಮಗೆ ತೋರಿತು. ಕಡೆಗೆ ಕಾಳಿಯು ಒಂದೊಂದೇ ಹೆಜ್ಜೆಯಿಡುತ್ತ ಬಂದು, ಅವರ ಭುಜದ ಮೇಲೆ ಮೂತಿಯನ್ನಿಟ್ಟಿತು. ಸಂತೋಷದಿಂದ ನಾವು ಅದನ್ನು ಸವರಲು ಕೈಯೆತ್ತಿದೆವು. ಅದು ಕಣ್ಣುಮುಚ್ಚಿ ನೆಲಕ್ಕೆ ಕುಗ್ಗಿತು. ಆ ಕುಗ್ಗುವಿಕೆಯನ್ನು ನಾವು ಇಂದಿಗೂ ಮರೆತಿಲ್ಲ. ತಂದೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅವರು ಏನಾದರೂ ಆಡಿದ್ದರೆ ನಮಗೆ ಹಗುರವಾಗುತ್ತಿದ್ದಿತು.

ಮರುದಿನದಿಂದ ಪಾಠವನ್ನು ಮೊದಲಿನಿಂದ ಆರಂಭಿಸಿದೆವು. ಈ ಸಲ ವಿದ್ಯಾರ್ಥಿಗಳು ನಾವು. ಬಯ್ಯುವುದಕ್ಕಾಗಿ, ಔಷಧ ಕುಡಿಸುವುದಕ್ಕಾಗಿ, ಕಟ್ಟಿಹಾಕುವುದಕ್ಕಾಗಿ ಎಂದೂ ಅದರ ಹೆಸರು ಹಿಡಿದು ಕರೆಯಕೂಡದೆಂದು ಮನೆಯಲ್ಲಿ ನಿಯಮವಾಯಿತು. ಅಂತಹ ಕೆಲಸವಿದ್ದರೆ ನಾವೇ ಎದ್ದು ಹೋಗತಕ್ಕದ್ದು. ಮೂವತ್ತಡಿಯ ಹಗುರವಾದ ಹೊಸ ಹಗ್ಗವನ್ನು ಕಟ್ಟಿ, ಗೋಡೆಯಿರುವ ಬಯಲೊಂದರಲ್ಲಿ ದಿನವೂ ಬೆಳಿಗ್ಗೆ ಕಾಲು ಗಂಟೆಯ ಅಭ್ಯಾಸ. ಎಷ್ಟು ತಡವಾಗಿ ಬಂದರೂ, ಏನು ತಪ್ಪು ಮಾಡಿ ಬಂದರೂ, ಬಂದುದಕ್ಕೆ ಸತ್ಕಾರವೇ. ಮೊದಲ ಒಂದು ತಿಂಗಳು ಅದು ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತುಬಿಡುತ್ತಿದ್ದಿತು. ಮೂರನೆಯ ತಿಂಗಳಿನಲ್ಲಿ ಒಂದು ದಿನ ಬಂದು, ನಮ್ಮ ಅಂಗೈಯಲ್ಲಿ ಮೂತಿಯನ್ನಿಟ್ಟಿತು.

ಕಾಳಿಯು ಈಗ ಸಾಧುವಾಗಿಬಿಟ್ಟಿದೆಯೆಂದು ಹೇಳಿದರೆ ಸುಳ್ಳಾದೀತು. ಓಡುವ ಬೆಕ್ಕು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಅದಕ್ಕೆ ಯಾರ ಕರೆಯೂ ಕೇಳಿಸದು. ಆದುದರಿಂದ ರಸ್ತೆಯಲ್ಲಿ ಹಗ್ಗವನ್ನು ನಾವು ಬಿಚ್ಚುವುದಿಲ್ಲ. ಆದರೆ ಓಟದ ಆವೇಶವು ಇಳಿದ ಮೇಲೆ ಅದು ತಲೆಯೆತ್ತಿ ನಮ್ಮನ್ನು ಹುಡುಕುತ್ತದೆ. ನಮ್ಮನ್ನು ಕಂಡರೆ ಹೆದರುವುದಿಲ್ಲ. ತಂದೆಯವರು ತೀರಿಕೊಂಡ ವರ್ಷವೆಲ್ಲಾ ಅದು ಸಂಜೆಯ ಹೊತ್ತು ಅವರ ಜಗುಲಿಯ ಬಳಿ ಮಲಗುತ್ತಿದ್ದಿತು.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಅನೇಕರು ಮುಂದೆ ತಾಯಂದಿರೂ ಉಪಾಧ್ಯಾಯಿನಿಯರೂ ಆಗುವಿರಿ. ತಪ್ಪು ಮಾಡಿದ ಮಗುವೊಂದು ಬಾಗಿಲಲ್ಲಿ ಬಂದು ನಿಂತಾಗ ನಿಮ್ಮ ಕೈ ಮೇಲೇಳುವ ಮೊದಲು, ಅದು ಬಂದಿದೆಯಲ್ಲಾ ಎಂಬುದನ್ನು ನೆನೆಯಿರಿ. ಆತಕೂರಿನ ಕಾಳಿಗೆ ಹೋರಾಡಿ ಮಡಿದುದಕ್ಕಾಗಿ ಕಲ್ಲು ನಿಂತಿತು. ನಮ್ಮ ಕಾಳಿಗೆ ಕಲ್ಲೇನೂ ಬೇಡ. ದಿನವೂ ಸಂಜೆ ಕರೆದಾಗ ಅದು ಮನೆಗೆ ಬರುತ್ತದೆ, ನಮಗೆ ಅಷ್ಟೇ ಸಾಕು.