ಒಂದು ಲ್ಯಾಪ್‌ಟಾಪು, ಎರಡು ಮೈಕು

ಲ್ಯಾಪ್‌ಟಾಪಿಗೆ ಹೊಸ ಮೈಕು ಸಿಕ್ಕಿಸಿದ ಕೂಡಲೇ ಅದೇ ಧ್ವನಿ ಹಿಡಿಯುತ್ತದೆ ಎಂದು ನಂಬಬಾರದು. ಒಳಗೊಂದು ಮೈಕು ಮೊದಲೇ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಡ್ರೈವರ್. ಅಂದರೆ ಸಾಧನದ ಮಾತನ್ನು ವಿಂಡೋಸಿಗೆ ತಿಳಿಸುವ ದುಭಾಷಿ. 1990ರ ದಶಕದಲ್ಲಿ ಸೌಂಡ್ ಕಾರ್ಡೂ ಪ್ರಿಂಟರೂ 7ನೇ ಐಆರ್‌ಕ್ಯೂಗಾಗಿ ಜಗಳವಾಡಿದರೆ ಕಾರ್ಡಿನ ಜಂಪರ್ ಕಿತ್ತು 5ಕ್ಕೆ ಹಾಕುತ್ತಿದ್ದರು. ಈಗಿನ ಜಗಳ ಸದ್ದಿಲ್ಲದ್ದು.

ಕಾಲೇಜಿನ ಪ್ರಾಜೆಕ್ಟಿಗೆಂದು ಹುಡುಗಿಯೊಬ್ಬಳು ಯುಎಸ್‌ಬಿ ಮೈಕು ತಂದು ಅಜ್ಜಿಯ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿದಳು. ಅಜ್ಜಿ ಒಂದು ತಾಸು ಹಾಡಿದರು. ಆಮೇಲೆ ಕೇಳಿದರೆ ಬರೀ ಲ್ಯಾಪ್‌ಟಾಪಿನ ಫ್ಯಾನಿನ ಗೊರಗೊರ, ಅದರ ಹಿಂದೆಲ್ಲೋ ಅಜ್ಜಿ. ‘ಮೈಕೇ ಕೆಟ್ಟದ್ದು, ವಾಪಸು ಕೊಡು’ ಎಂದರು ಅಪ್ಪ. (ಅಪ್ಪಂದಿರು ಅನ್ನುವುದೇ ಹಾಗೆ.) ಮೈಕು ಸರಿಯಾಗಿಯೇ ಇತ್ತು. ರೆಕಾರ್ಡಿಂಗ್ ಪಟ್ಟಿಯಲ್ಲಿ ಅದನ್ನು ಡಿಫಾಲ್ಟ್ ಮಾಡಿ, ತಂತ್ರಾಂಶದೊಳಗೂ ಅದನ್ನೇ ಆರಿಸಿದ್ದರೆ ಸಾಕಿತ್ತು. ಆಗಲೂ ಮೊಂಡು ಹಿಡಿದರೆ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರ್ ತೆಗೆದುಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ವಿಂಡೋಸ್ ಸಾಮಾನ್ಯವಾಗಿ ತಾನೇ ಅದನ್ನು ಹೊಸದಾಗಿ ಹಾಕಿಕೊಳ್ಳುತ್ತದೆ. ಬೇರೊಂದು ತಂತ್ರಾಂಶ ಮೈಕನ್ನು ಯಾರಿಗೂ ಬಿಟ್ಟುಕೊಡದೆ ಹಿಡಿದಿದೆಯೇ ಎಂಬುದನ್ನೂ ನೋಡಬೇಕು.

ಮುಂದಿನ ವಾರ ಅಜ್ಜಿ ಮತ್ತೆ ಹಾಡಿದರು. ಎರಡು ಹಾಡು ಮಾತ್ರ ನೆನಪಿಗೆ ಬರಲೇ ಇಲ್ಲ.