ಒಂದೇ ರಕ್ತ, ಎರಡು ಲೆಕ್ಕ

ಹಳೇ ಕಾಗದಗಳ ನಡುವೆ 2019ರ ನನ್ನದೊಂದು ರಕ್ತಪರೀಕ್ಷೆಯ ರಿಪೋರ್ಟು ಸಿಕ್ಕಿತು. ಇಲ್ಲಿ ನ್ಯೂಜೆರ್ಸಿಯ ಲ್ಯಾಬೊಂದು ಕೊಟ್ಟದ್ದು. ಆಗ ನನಗೆ ಐವತ್ತು. ಕ್ರಿಯಾಟಿನಿನ್ 1.1. ಅದರ ಕೆಳಗೆ, ಕಿಡ್ನಿ ಎಷ್ಟರಮಟ್ಟಿಗೆ ರಕ್ತ ಸೋಸುತ್ತಿದೆ ಅನ್ನುವ ಅಂದಾಜು, ಅಂದರೆ ಇಜಿಎಫ್‌ಆರ್, ಎರಡು ಸಾಲಿನಲ್ಲಿತ್ತು. ಆಫ್ರಿಕನ್ ಅಮೆರಿಕನ್ ಆಗಿದ್ದರೆ 90, ಅಲ್ಲದಿದ್ದರೆ 78. ರಕ್ತ ಒಂದೇ, ಮನುಷ್ಯ ಒಬ್ಬನೇ, ಲೆಕ್ಕ ಮಾತ್ರ ಎರಡು!

ಯಾಕಿರಬಹುದು ಅಂತ ಕುತೂಹಲವಾಗಿ ಓದುತ್ತಾ ಹೋದೆ. ಕ್ರಿಯಾಟಿನಿನ್ ಅಂದರೆ ನಮ್ಮ ಮಾಂಸಖಂಡಗಳಿಂದ ರಕ್ತಕ್ಕೆ ಬಂದು ಸೇರುವ ಕಸ. ಕಿಡ್ನಿ ಸೋಸುವುದು ಕಮ್ಮಿಯಾದರೆ ಅದು ರಕ್ತದಲ್ಲೇ ಉಳಿಯುತ್ತದೆ. ಅದನ್ನು ಅಳೆದು, ವಯಸ್ಸು ಎಷ್ಟು, ಗಂಡೋ ಹೆಣ್ಣೋ ಅಂತ ನೋಡಿ ಒಂದು ಸೂತ್ರಕ್ಕೆ ಹಾಕುತ್ತಾರೆ. 1999ರಲ್ಲಿ ಬಂದ ಸೂತ್ರಕ್ಕೆ ಆಧಾರ 1,628 ರೋಗಿಗಳಿದ್ದ ಒಂದು ಅಧ್ಯಯನ. ಕಿಡ್ನಿ ಅಷ್ಟೇ ಸೋಸುತ್ತಿದ್ದರೂ ಅದರಲ್ಲಿದ್ದ ಕಪ್ಪು ಜನರಲ್ಲಿ ಕ್ರಿಯಾಟಿನಿನ್ ಸರಾಸರಿ ಹೆಚ್ಚು ಕಂಡಿತು. ಅವರಿಗೆ ಮಾಂಸಖಂಡ ಜಾಸ್ತಿ ಎಂದು ಕಾರಣ ಹೇಳಿ, ಬಂದ ಉತ್ತರವನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿದರು. 2009ರ ಸೂತ್ರದಲ್ಲಿ ಆ ಸಂಖ್ಯೆ 1.159. ಲ್ಯಾಬಿನಲ್ಲಿ ಯಾರ ತೋಳನ್ನೂ ಅಳೆಯುತ್ತಿರಲಿಲ್ಲ, ಜನಾಂಗ ಯಾವುದು ಅಂತ ನೋಡಿದರೆ ಮುಗಿಯಿತು. ಮುದ್ದೆ ಉಂಡು ಬೆಳೆದ ಹಾಸನದ ನಾನೂ, ಬೀಫ್ ತಿಂದು ಬೆಳೆದ ಪಕ್ಕದ ಮನೆಯ ಬಿಳಿಯನೂ 'ಅಲ್ಲದವರು' ಅನ್ನುವ ಒಂದೇ ಸಾಲಿಗೆ :)

ಹೆಚ್ಚು ಸಂಖ್ಯೆ ಬಂದರೆ ಒಳ್ಳೆಯದೇ ಅಲ್ವಾ ಅನ್ನಬಹುದು ನೀವು. ಇಲ್ಲೇ ಇರುವುದು ಸಂಕಟ. ಅಮೆರಿಕದಲ್ಲಿ ಕಿಡ್ನಿ ಕಸಿಗೆ ಕಾಯುವವರ ಸರದಿಯಲ್ಲಿ, ಡಯಾಲಿಸಿಸ್‌ಗೂ ಮುಂಚೆ ದಿನಗಣನೆ ಶುರುವಾಗಬೇಕಾದರೆ ಈ ಸಂಖ್ಯೆ 20ಕ್ಕೆ ಇಳಿಯಬೇಕು. ನನಗೆ 20 ಬರುವ ಅದೇ ರಕ್ತಕ್ಕೆ, ನನ್ನದೇ ವಯಸ್ಸಿನ ಕಪ್ಪು ಗಂಡಸಿಗೆ ಬರುತ್ತಿದ್ದದ್ದು 23. ನನ್ನ ದಿನಗಣನೆ ಇವತ್ತೇ ಶುರು, ಅವನದು ಕಿಡ್ನಿ ಇನ್ನಷ್ಟು ಕೆಟ್ಟ ಮೇಲೆ. ಸರದಿಯಲ್ಲಿ ಹಿಂದೆ ಬೀಳುವುದೆಂದರೆ ಅಷ್ಟು ದಿನ ಹೆಚ್ಚಿಗೆ ಡಯಾಲಿಸಿಸ್.

ವೈದ್ಯ ವಿದ್ಯಾರ್ಥಿಗಳು, ಕೆಲವು ವೈದ್ಯರು ವರ್ಷಗಟ್ಟಲೆ ಪ್ರಶ್ನೆ ಕೇಳಿದರು. ಕೊನೆಗೆ 2021ರಲ್ಲಿ ನ್ಯಾಷನಲ್ ಕಿಡ್ನಿ ಫೌಂಡೇಷನ್ ಮತ್ತು ಅಮೆರಿಕನ್ ಸೊಸೈಟಿ ಆಫ್ ನೆಫ್ರಾಲಜಿ ಸೇರಿ ಮಾಡಿದ್ದ ಸಮಿತಿ, ಜನಾಂಗವನ್ನು ಕೈಬಿಟ್ಟ ಹೊಸ ಸೂತ್ರವನ್ನು ಶಿಫಾರಸು ಮಾಡಿತು. 2023ರ ಜನವರಿಯಿಂದ, ಹಳೇ ಲೆಕ್ಕದಿಂದ ಹಿಂದೆ ಬಿದ್ದಿದ್ದ ಕಪ್ಪು ರೋಗಿಗಳನ್ನು ಗುರುತಿಸಿ, ಅವರು ಕಳೆದುಕೊಂಡಿದ್ದ ಸರದಿಯ ಕಾಲವನ್ನು ವಾಪಸ್ಸು ಕೊಡಿಸಬೇಕು ಅಂತ ಕಸಿ ಆಸ್ಪತ್ರೆಗಳಿಗೆ ನಿಯಮವಾಯಿತು. ಸಾವಿರಾರು ಜನಕ್ಕೆ ಹಾಗೆ ವಾಪಸ್ಸು ಸಿಕ್ಕಿತು. ಕಾಯುತ್ತಲೇ ತೀರಿಕೊಂಡವರಿಗೆ ಏನನ್ನು ಕೊಡುವುದು?

ನನ್ನ ಹಳೇ ಅಂಕಿಗಳನ್ನೇ ಹೊಸ ಸೂತ್ರಕ್ಕೆ ಹಾಕಿ ನೋಡಿದೆ. ಯಾವ ಜನಾಂಗವಾದರೂ 82. ಕೂತಲ್ಲೇ ನನಗೆ ನಾಲ್ಕು ಹೆಚ್ಚಾಯಿತು! ಕಿಡ್ನಿ ಸುಧಾರಿಸಿದ್ದೇನಲ್ಲ. ಹೊಸ ಸೂತ್ರವೂ ಕರಾರುವಾಕ್ಕಲ್ಲ. ಸರಾಸರಿ ನೋಡಿದರೆ ಕಪ್ಪು ಜನರಿಗೆ ನಿಜಕ್ಕಿಂತ ತುಸು ಕಡಿಮೆ, ಉಳಿದವರಿಗೆ ತುಸು ಹೆಚ್ಚು ತೋರಿಸುತ್ತದೆ. ಅದಕ್ಕೇ ಆ ಸಮಿತಿ, ಮಾಂಸಖಂಡದ ಮೇಲೆ ಅಷ್ಟಾಗಿ ನಿಲ್ಲದ ಸಿಸ್ಟಾಟಿನ್ ಸಿ ಅನ್ನುವ ಪರೀಕ್ಷೆಯನ್ನು ಹೆಚ್ಚು ಬಳಸಿ ಅಂತಲೂ ಹೇಳಿತು. ನಿಮ್ಮ ಸಂಖ್ಯೆ ಗಡಿಯ ಹತ್ತಿರ ಇದ್ದರೆ ಡಾಕ್ಟರನ್ನು ಇದರ ಬಗ್ಗೆ ಒಂದು ಮಾತು ಕೇಳಿ. ನಮ್ಮ ಕಡೆ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಎಲ್ಲಿದೆ ಹೇಳಿ?