ನಾವು ಯಾವ ಕಡೆ ಬಡೀಬೇಕಣ್ಣ?



ಎರಡು ದಿನದಿಂದ ಒಂದು ಹಳೇ ಹಾಡು ಕೇಳ್ತಾ ಇದ್ದೀನಿ. 1980ರದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಹುಡುಗರದ್ದು. ಬ್ಯಾಂಡಿನ ಹೆಸರು ಯುಬಿ40. ಇದೇನ್ ಹೆಸರು, ಬಸ್ಸಿನ ನಂಬರ್ ಇದ್ದಂಗಿದೆ ಅಂತ ನಗಬೇಡಿ. ಅಲ್ಲಿ ಕೆಲಸ ಇಲ್ಲದವರು ಭತ್ಯೆ ತಗೊಳ್ಳೋಕೆ ಕಚೇರಿಗೆ ಹೋಗಿ ಸಾಲು ನಿಂತು ಸಹಿ ಹಾಕಬೇಕಿತ್ತು. ಆಗ ಕೈಯಲ್ಲಿ ಹಿಡಿದಿರುತ್ತಿದ್ದ ಸರ್ಕಾರಿ ಕಾರ್ಡಿನ ನಮೂನೆ ಸಂಖ್ಯೆ ಅದು.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡನ್ನ ಮಡಿಕೆ ಹರಿಯೋ ತನಕ ಜೇಬಲ್ಲಿಟ್ಟುಕೊಂಡು ಓಡಾಡಿದವನು ನಾನು. ಯಾರಿಗೂ ತೋರಿಸ್ತಿರಲಿಲ್ಲ. ಈ ಹುಡುಗರು ಅಂಥದ್ದೇ ಕಾರ್ಡನ್ನ ತಮ್ಮ ಹೆಸರು ಮಾಡಿಕೊಂಡರು. ಮೊದಲ ಆಲ್ಬಮ್ಮಿನ ಹೊದಿಕೆ ಮೇಲೂ ಅದೇ ಕಾರ್ಡು. 'ದಲಿತ' ಅನ್ನೋ ಪದವನ್ನ ನಾವು ಎತ್ತಿಕೊಂಡಿದ್ದೂ ಹಿಂಗೇ ಅಲ್ಲವೇ? ತುಳಿಸಿಕೊಂಡವರು ಅನ್ನೋ ಅರ್ಥದ ಪದ, ಎದೆಯುಬ್ಬಿಸಿ ಹೇಳೋ ಪದವಾಯ್ತು.

ಬ್ಯಾಂಡ್ ಕಟ್ಟಿದ್ದು 1978ರಲ್ಲಿ. ಒಟ್ಟು ಎಂಟು ಜನ. ಬಿಳಿಯರಿದ್ದರು, ಜಮೈಕಾ ಮೂಲದ ಕಪ್ಪು ಹುಡುಗರಿದ್ದರು, ಯೆಮೆನ್ ಮೂಲದವನೊಬ್ಬನಿದ್ದ. ವಲಸಿಗರನ್ನ ಓಡಿಸಿ ಅಂತ ನ್ಯಾಷನಲ್ ಫ್ರಂಟ್‌ನವರು ಬೀದಿಗಿಳಿದಿದ್ದ ಕಾಲ ಅದು. ಹಾಡುಗಾರ ಅಲಿ ಕ್ಯಾಂಪ್‌ಬೆಲ್‌ಗೆ ಹದಿನೇಳು ತುಂಬಿದ ದಿನವೇ ಬಾರಿನ ಜಗಳದಲ್ಲಿ ಮುಖಕ್ಕೆ ಗಾಯವಾಗಿತ್ತು. ಅದಕ್ಕೆ ಸಿಕ್ಕ ಪರಿಹಾರದ ದುಡ್ಡಲ್ಲಿ ವಾದ್ಯ ತಂದರು. ಶುರುವಿನಲ್ಲಿ ಅವರಲ್ಲಿ ಹಲವರಿಗೆ ನುಡಿಸೋಕೂ ಬರ್ತಿರಲಿಲ್ಲ.

1980ರಲ್ಲಿ ಮೊದಲ ಸಿಂಗಲ್ ಬಂತು. ಒಂದು ಬದಿ 'ಕಿಂಗ್', ಇನ್ನೊಂದು ಬದಿ 'ಫುಡ್ ಫಾರ್ ಥಾಟ್'. ತಂದಿದ್ದು ಪಕ್ಕದ ಡಡ್ಲಿ ಊರಿನ ಗ್ರಾಜುಯೇಟ್ ರೆಕಾರ್ಡ್ಸ್ ಅನ್ನೋ ಪುಟ್ಟ ಕಂಪನಿ. ಪ್ರಿಟೆಂಡರ್ಸ್ ಬ್ಯಾಂಡಿನ ಕ್ರಿಸ್ಸಿ ಹೈಂಡ್ ಇವರ ಹಾಡು ಕೇಳಿ ಮೆಚ್ಚಿ ತಮ್ಮ ಪ್ರವಾಸಕ್ಕೆ ಕರೆದುಕೊಂಡು ಹೋದರು. ಊರೂರಲ್ಲಿ ಕೇಳಿದ ಜನ ಪ್ಲೇಟು ಕೊಂಡರು. ಬ್ರಿಟನ್ನಿನ ಚಾರ್ಟಿನಲ್ಲಿ ನಾಲ್ಕನೇ ಸ್ಥಾನ! ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ.

ಏನು ಹಾಡಿದ್ದರು ಗೊತ್ತಾ? 'ಕಿಂಗ್' ಮಾರ್ಟಿನ್ ಲೂಥರ್ ಕಿಂಗ್ ಕುರಿತ ಹಾಡು. ನಾಯಕ ಹೋದ ಮೇಲೆ ಅವನ ಕನಸು ಏನಾಯ್ತು, ಅವನ ಜನ ಏನಾದರು ಅನ್ನೋ ಸಂಕಟ. ಪ್ರತಿ ಡಿಸೆಂಬರ್ 6ಕ್ಕೆ ನಾವು ಕೇಳಿಕೊಳ್ಳೋ ಪ್ರಶ್ನೆಯೂ ಅದೇ ತಾನೆ. ಇನ್ನೊಂದು, ಹೊಟ್ಟೆ ತುಂಬಿದವರ ಕ್ರಿಸ್‌ಮಸ್ಸಿನ ಎದುರು ಹಸಿದವರನ್ನ ತಂದು ನಿಲ್ಲಿಸೋ ಹಾಡು. "ಹೋರಾಟದ ಹಾಡು ನಮ್ಮವರು ಬಿಟ್ಟು ಬೇರೆ ಯಾರು ಕೇಳ್ತಾರೆ" ಅಂತ ನಮ್ಮ ಕಲಾತಂಡದ ಹುಡುಗರಿಗೆ ಬುದ್ಧಿ ಹೇಳೋರು ಇದನ್ನ ಗಮನಿಸಬೇಕು. ಕುಣಿಸೋ ಲಯದಲ್ಲೇ ಕೇಳಬೇಕಾದ್ದನ್ನ ಕೇಳಿದ್ದರು.

ರಾಜಿಯೂ ಆಗಲಿಲ್ಲ. ಮೊದಲ ಆಲ್ಬಮ್ಮಿನಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದದಲ್ಲಿ ಬ್ರಿಟನ್ನಿನ ಪಾಲೂ ಇದೆ ಅಂತ ಹೇಳೋ ಹಾಡೊಂದಿತ್ತು. ಆ ದೇಶದಲ್ಲಿ ಮಾರುವ ಪ್ರತಿಯಿಂದ ಕಂಪನಿ ಅದನ್ನ ಕಿತ್ತು ಹಾಕಿತು. ಹುಡುಗರು ಕಂಪನಿಯನ್ನೇ ಬಿಟ್ಟು, ತಮ್ಮದೇ ಲೇಬಲ್ ಮಾಡಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಪೋಸ್ಟ್ ಬರೀತಿರಲಿಲ್ಲ. 2008ರಲ್ಲಿ ಅಲಿ ಬ್ಯಾಂಡ್ ಬಿಟ್ಟ. ಅವನ ಅಣ್ಣ ರಾಬಿನ್ ಅಲ್ಲೇ ಉಳಿದ. ಅಲಿಯ ಜಾಗಕ್ಕೆ ಇನ್ನೊಬ್ಬ ಅಣ್ಣ ಡಂಕನ್ ಬಂದ. ಕೆಲ ವರ್ಷಕ್ಕೆ ಎರಡು ಯುಬಿ40 ಆದವು. ಹೆಸರು ಯಾರದು ಅನ್ನೋ ಜಗಳ ಕೋರ್ಟ್ ಮೆಟ್ಟಿಲು ಹತ್ತಿತು. ಕೆಲಸ ಕಳ್ಕೊಂಡ ಲಕ್ಷಾಂತರ ಜನರ ಕೈಲಿದ್ದ ಕಾರ್ಡಿನ ನಂಬರು ಅದು. ಅದಕ್ಕೆ ವಾರಸುದಾರಿಕೆ!

2021ರಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಬ್ರಯಾನ್ ಟ್ರಾವರ್ಸ್ ತೀರಿಕೊಂಡ. ಅದೇ ವರ್ಷ ಆಸ್ಟ್ರೋ ಕೂಡ. ಒಬ್ಬ ಈ ಬಣ, ಒಬ್ಬ ಆ ಬಣ. ಇನ್ನು ಆ ಎಂಟು ಜನ ಒಟ್ಟಿಗೆ ವೇದಿಕೆ ಹತ್ತೋ ಹಾಗಿಲ್ಲ.

ಇದನ್ನ ಓದುವಾಗ ನನಗೆ ಏಪ್ರಿಲ್ 14 ನೆನಪಾಯ್ತು. ನಮ್ಮ ತಾಲೂಕಲ್ಲಿ ಈ ಸಲ ಎರಡು ವೇದಿಕೆ. ಒಂದೇ ನೀಲಿ ಬಾವುಟ, ಒಂದೇ ಫೋಟೋ. ಎರಡು ಬ್ಯಾನರಿನಲ್ಲೂ ಒಂದೇ ಸಂಘಟನೆಯ ಹೆಸರು, ಕೆಳಗೆ ಬ್ರಾಕೆಟ್ಟಿನಲ್ಲಿ ಬೇರೆ ಬೇರೆ ಬಣ. ಕೇರಿಯ ತಮಟೆ ಹುಡುಗರು ನಡುರಸ್ತೆಯಲ್ಲಿ ನಿಂತಿದ್ದರು. ಒಬ್ಬ ಬಂದು ಕೇಳಿದ: "ಅಣ್ಣ, ನಾವು ಯಾವ ಕಡೆ ಬಡೀಬೇಕಣ್ಣ?" ನಾನು ನಮ್ಮ ಕಡೆ ಕೈ ತೋರಿಸಿದೆ. ಆ ಕೈ ಇವತ್ತಿಗೂ ಭಾರ ಅನ್ನಿಸ್ತದೆ.

ಬಣ ಆಗೋಕೆ ಕಾರಣ ಇರಲಿಲ್ಲ ಅಂತ ನಾನು ಹೇಳಲ್ಲ. ಇದ್ದವು. ನಾನೂ ಜಗಳ ಆಡಿದ್ದೀನಿ, ಹೇಳಬಾರದ ಮಾತು ಹೇಳಿದ್ದೀನಿ. ಆದರೆ ನನಗೆ ಮೈಕ್ ಹಿಡಿಯೋದು ಕಲಿಸಿದ ಹಿರಿಯರು ಆ ಬಣದಲ್ಲಿದ್ದಾರೆ. ಅವರಿಗೆ ವಯಸ್ಸಾಗಿದೆ. ಮೂರು ವರ್ಷದಿಂದ ಮಾತಾಡಿಸಿಲ್ಲ.

ಈ ಡಿಸೆಂಬರ್ 6ಕ್ಕೆ ನಾನು ಅವರ ಕಾರ್ಯಕ್ರಮಕ್ಕೆ ಹೋಗಿ ಕೆಳಗೆ ಜನರ ಜೊತೆ ಕೂರ್ತೀನಿ. ವೇದಿಕೆ ಬೇಡ, ಬ್ಯಾನರಿನಲ್ಲಿ ಹೆಸರೂ ಬೇಡ. ನಮ್ಮ ಬಣದವರು ಬಯ್ಯೋದಿದ್ದರೆ ಕಾಮೆಂಟಲ್ಲಿ ಬಯ್ಯಿರಿ. ಬರೋರಿದ್ದರೆ ಜೊತೆಗೆ ಬನ್ನಿ.

ಜೈಭೀಮ್.